ಉಣ್ಣಿ, ಉಣುಗು, ಚೆಳ್ಳು

ಗಡಿನಾಡಿನಲ್ಲಿ ಹುಟ್ಟಿದವರಿಗೆ ಮಾತಿನ ವಿಷಯದಲ್ಲಿ ಒಂದು ಮೋಜು ಉಂಟು. ಒಂದೇ ಶಬ್ದ ಮೂರು ಭಾಷೆಗಳಲ್ಲಿ ಮೂರು ವೇಷ ಹಾಕಿಕೊಂಡು ಬರುವುದನ್ನು ನಾವು ಜಗಲಿಯಲ್ಲಿ ಕೂತೇ ನೋಡಬಹುದು. ‘ಉಣ್ಣಿ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಮಲೆಯಾಳದಲ್ಲಿ ಅದು ಮುದ್ದು ಮಗು. ಉಣ್ಣಿಕೃಷ್ಣನೆಂದರೆ ಗುರುವಾಯೂರಿನ ಬಾಲಕೃಷ್ಣ. ತಮಿಳಿನಲ್ಲಿ ಉಣ್ಣಿ ಎಂದರೆ ದನದ ಕಿವಿಯೊಳಗೆ, ಕೆಚ್ಚಲಿನ ಬುಡದಲ್ಲಿ ಕಚ್ಚಿ ಹಿಡಿದು ನೆತ್ತರು ಹೀರಿ ಹರಳುಬೀಜದಂತೆ ಉಬ್ಬುವ ಪ್ರಾಣಿ. ನಾವು ಅದಕ್ಕೆ ಉಣುಗು ಎನ್ನುತ್ತೇವೆ. ಉಣ್ಣೆ ಎನ್ನುವವರೂ ಇದ್ದಾರೆ, ಆದರೆ ಪೇಟೆಯವರಿಗೆ ಉಣ್ಣೆ ಎಂದರೆ ಸ್ವೆಟರು. ಊರಿನ ಮದುವೆಗಳಲ್ಲಿ ಊಟದ ಪಂಕ್ತಿ ಏಳುವವರೆಗೆ ಹೊತ್ತು ಕಳೆಯಲು ಇಂಥದ್ದು ನನ್ನ ಬಳಿ ಎಷ್ಟೋ ಇತ್ತು. 2019ರ ಜನವರಿಯ ನಂತರ ಈ ಒಂದು ಶಬ್ದವನ್ನು ಮಾತ್ರ ನಾನು ತಮಾಷೆಗೆ ಬಳಸುತ್ತಿಲ್ಲ.

ನಾನು ಬ್ಯಾಂಕಿನ ಗುಮಾಸ್ತ. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಪರೀಕ್ಷೆ ಬರೆದು ಕೆಲಸಕ್ಕೆ ಸೇರಿ, ಮೊದಲು ಕೊಯಮತ್ತೂರಿನಲ್ಲಿಯೂ ಆಮೇಲೆ ತಿರುಪ್ಪೂರು ಜಿಲ್ಲೆಯ ಕಾಂಗೇಯದಲ್ಲಿಯೂ ಕೌಂಟರಿನ ಹಿಂದೆ ಕೂತವನು. ಕೊಯಮತ್ತೂರಿನಲ್ಲಿ ನಮ್ಮ ಮನೆಯ ಮಾಲಿಕರು ದೇವಾಂಗದವರು. ಹೊಸಿಲಿನ ಒಳಗೆ ಕನ್ನಡ, ಹೊರಗೆ ತಮಿಳು. ತಲೆಮಾರುಗಳಿಂದ ಮಗ್ಗದ ಜತೆಗೇ ಕಾಪಾಡಿಕೊಂಡು ಬಂದ ಅವರ ಮಾತು ಕೇಳಿ ಅಮ್ಮ, “ಇವರದ್ದು ನಮ್ಮ ಕನ್ನಡಕ್ಕಿಂತ ಹಳತು ಮಾರಾಯ” ಎಂದಿದ್ದಳು. ಕಾಂಗೇಯದಲ್ಲಿ ನಮ್ಮ ಬೀದಿಯಲ್ಲಿ ಆ ಅನುಕೂಲ ಇರಲಿಲ್ಲ. ಊರಿನಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮ, ವರ್ಷಕ್ಕೊಮ್ಮೆ ಅಡಿಕೆ ಕೊಯ್ಲಿನ ಗಡಿಬಿಡಿ ತಪ್ಪಿಸಿಕೊಂಡು ನಮ್ಮಲ್ಲಿಗೆ ಬಂದಾಗ, ಪಕ್ಕದ ಮನೆಯ ಅಕ್ಕನೊಡನೆ ಕನ್ನಡ, ತುಳು, ಮಲೆಯಾಳ ಎಲ್ಲ ಕಲಸಿ ತಮಿಳೆಂದು ಆಡುತ್ತಿದ್ದಳು. ಆ ಅಕ್ಕನಿಗೆ ಅರ್ಥವಾಗುತ್ತಿತ್ತು. ಹಟ್ಟಿಯಲ್ಲಿ ದನವಿದ್ದ ಇಬ್ಬರು ಹೆಂಗಸರಿಗೆ ವ್ಯಾಕರಣ ಯಾಕೆ ಬೇಕು?

ಕಾಂಗೇಯವನ್ನು ನೋಡದವರಿಗೆ ಒಂದೆರಡು ಮಾತು. ತಿರುಪ್ಪೂರು ಜಿಲ್ಲೆಯಾದದ್ದು 2009ರಲ್ಲಿ. ನಮ್ಮ ಹಳೆಯ ಲೆಡ್ಜರುಗಳಲ್ಲಿ ಈ ಊರು ಇನ್ನೂ ಈರೋಡು ಜಿಲ್ಲೆಯಲ್ಲೇ ಇದೆ. ಊರ ಸುತ್ತ ಕೊಬ್ಬರಿ ಒಣಗಿಸುವ ಅಂಗಳಗಳು, ಎಣ್ಣೆ ಗಿರಣಿಗಳು, ಅಕ್ಕಿ ಗಿರಣಿಗಳು. ಹೆಸರು ತಂದುಕೊಟ್ಟದ್ದು ಮಾತ್ರ ದನ: ಎತ್ತರದ ಡುಬ್ಬ, ಮೇಲಕ್ಕೆ ಬಾಗಿದ ಕೊಂಬು, ಬಿಗಿಯಾದ ಚರ್ಮದ ಕಾಂಗೇಯಂ ತಳಿ. ಅವು ಮೇಯುವ ಜಾಗಕ್ಕೆ ಕೊರಂಗಾಡು ಎಂದು ಹೆಸರು. ಕಾಡಲ್ಲ, ಗದ್ದೆಯೂ ಅಲ್ಲ. ಮಳೆ ಕಡಿಮೆಯಾದ ನೆಲದಲ್ಲಿ ರೈತರು ತಲೆಮಾರುಗಳಿಂದ ಉಳಿಸಿಕೊಂಡ ಖಾಸಗಿ ಹುಲ್ಲುಗಾವಲು. ಸುತ್ತ ಮುಳ್ಳುಕಿಳುವೆಯ ಜೀವಂತ ಬೇಲಿ, ನಡುನಡುವೆ ಬಿಳಿಜಾಲಿ ಮರ, ಕೆಳಗೆ ಕೊಳುಕ್ಕಟ್ಟೈ ಎಂಬ ಹುಲ್ಲು. ದನದ ಸಾಲಕ್ಕೆ ಬರುವ ರೈತರು ಕೌಂಟರಿನಲ್ಲಿ ನನಗೆ ಪಾಠ ಹೇಳುವುದುಂಟು: ನಾಟಿ ದನಕ್ಕೆ ಉಣ್ಣಿ ಹತ್ತುವುದು ಕಡಿಮೆ, ಹತ್ತಿದರೂ ತಡೆಯುತ್ತದೆ, ಜರ್ಸಿ ಮಿಶ್ರತಳಿಯಾದರೆ ಉಣ್ಣಿಯಿಂದ ಬರುವ ಜ್ವರಕ್ಕೆ ಕುಸಿದು ಬೀಳುತ್ತದೆ ಸಾರ್, ಸಾಲ ಯಾವುದಕ್ಕೆ ಕೊಡುತ್ತೀರಿ ನೋಡಿಕೊಳ್ಳಿ ಎಂದು. ಪಶುವೈದ್ಯರ ಪುಸ್ತಕವೂ ಹೆಚ್ಚುಕಡಿಮೆ ಹಾಗೆಯೇ ಹೇಳುತ್ತದೆ.

ಆ ವರ್ಷ ಮಾಟ್ಟುಪೊಂಗಲ್ ಜನವರಿ 16ಕ್ಕೆ. ಪಕ್ಕದ ಅಕ್ಕ ತನ್ನ ನಾಲ್ಕು ದನಗಳ ಮೈ ತೊಳೆಸಿ, ಕೊಂಬಿಗೆ ಬಣ್ಣ ಹಚ್ಚಿಸಿ, ಹಿಂದಿನ ದಿನವೇ ಕಿವಿಯೊಳಗಿನ ಉಣ್ಣಿಗಳನ್ನು ಕಿತ್ತು ಸೀಮೆಎಣ್ಣೆ ಹಾಕಿದ ಗೆರಟೆಗೆ ಹಾಕಿದ್ದಳು. ಅಮ್ಮನಿಗೆ ಹಬ್ಬವೋ ಹಬ್ಬ. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ದನ ಹೊಡೆದುಕೊಂಡು ಕೊರಂಗಾಡಿಗೆ ಹೋದರು. ಬೇಲಿಯ ಬುಡದಲ್ಲಿ ಹುಲ್ಲಿನ ಮೇಲೆ ಕೂತು ಸಂಜೆಯವರೆಗೆ ಮಾತು. ಬರುವಾಗ ಅಮ್ಮನ ಸೆರಗಿನ ತುಂಬ ತುಂಬೆ ಹೂ. “ಊರಿನಲ್ಲಿ ಈಗ ತುಂಬೆ ಎಲ್ಲಿ ಸಿಗ್ತದೆ, ಎಲ್ಲ ರಬ್ಬರು” ಎಂದಳು.

ಜ್ವರ ಬಂದದ್ದು 26ರ ಸಂಜೆ. ದಿನಾಂಕ ನೆನಪಿರಲು ಕಾರಣ, ಗಣರಾಜ್ಯೋತ್ಸವ ಆ ಸಲ ನಾಲ್ಕನೆಯ ಶನಿವಾರಕ್ಕೇ ಬಿದ್ದು ಬ್ಯಾಂಕಿನವರ ಒಂದು ರಜೆ ನಷ್ಟವಾಗಿತ್ತು. ಅದನ್ನು ಹಳಿಯುತ್ತ ಕೂತಿದ್ದೆ. ಅಮ್ಮ ಚಳಿ ಎಂದಳು, ತಲೆನೋವು ಎಂದಳು, ಹೊದೆದು ಮಲಗಿದಳು. ಸೋಮವಾರ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದೊಯ್ದೆ. ವೈರಲ್ ಎಂದರು. ಬುಧವಾರ ರಕ್ತ ಪರೀಕ್ಷೆ: ಡೆಂಗಿ ಇಲ್ಲ, ವೈಡಾಲ್ ಪರೀಕ್ಷೆಯಲ್ಲಿ ಏನೋ ಸ್ವಲ್ಪ ಇದೆ, ಟೈಫಾಯಿಡ್ ಇರಬಹುದು ಎಂದು ದಿನಕ್ಕೆರಡು ಇಂಜೆಕ್ಷನ್ ಸುರುಮಾಡಿದರು. ಜ್ವರ ಅಲ್ಲಾಡಲಿಲ್ಲ. ಆ ವೈದ್ಯರನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಅವರು ಕೇಳಬೇಕಾದ ಒಂದು ಪ್ರಶ್ನೆ ಕೇಳಲಿಲ್ಲ, ಸರಿ. ಹೇಳಬೇಕಾದ ಒಂದು ಮಾತನ್ನು ನಮ್ಮ ಮನೆಯವರೂ ಹೇಳಲಿಲ್ಲ.

ಆ ದಿನಗಳಲ್ಲಿ ಅಮ್ಮನ ನಡತೆಯೇ ವಿಚಿತ್ರವಾಗಿತ್ತು. ಮೊಮ್ಮಕ್ಕಳನ್ನು ಹತ್ತಿರ ಸೇರಿಸಲಿಲ್ಲ. ತನ್ನ ಲೋಟ, ತನ್ನ ಚಾಪೆ ಬೇರೆ ಮಾಡಿಕೊಂಡಳು. ಅಜ್ಜಿಯ ಮಡಿ ಎಂದು ಮಗಳು ನಕ್ಕಳು. ಟಿ.ವಿ.ಯಲ್ಲಿ ಕನ್ನಡ ವಾರ್ತೆ ಬಂದರೆ ಮಾತ್ರ ಚಾಪೆಯಿಂದ ಎದ್ದು ಕೂರುತ್ತಿದ್ದಳು. ಸಾಗರ ತಾಲೂಕಿನ ಅರಳಗೋಡಿನಲ್ಲಿ ಆ ಚಳಿಗಾಲ ಮಂಗನ ಕಾಯಿಲೆ ಹಬ್ಬಿ ಜನ ಸಾಯುತ್ತಿದ್ದರು. ಸತ್ತ ಮಂಗಗಳನ್ನೂ, ಮೈಗೆ ಹಚ್ಚುವ ಎಣ್ಣೆ ಹಂಚುವುದನ್ನೂ, ಲಸಿಕೆಗೆ ಸಾಲು ನಿಂತವರನ್ನೂ ದಿನವೂ ತೋರಿಸುತ್ತಿದ್ದರು. ಅಮ್ಮ ನೋಡುತ್ತಿದ್ದಳು, ಮತ್ತೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಫೆಬ್ರವರಿ 1ರ ಶುಕ್ರವಾರ ಅವಳಿಗೆ ಏದುಸಿರು ಬರತೊಡಗಿತು. ಕಣ್ಣು ಕೆಂಪು, ಮಾತು ತೊದಲು. ಬಾಡಿಗೆ ಕಾರು ಮಾಡಿ ಪಲ್ಲಡಂ ದಾರಿಯಾಗಿ ಕೊಯಮತ್ತೂರಿನ ಒಂದು ದೊಡ್ಡ ಆಸ್ಪತ್ರೆಗೆ ತಂದೆವು. ತುರ್ತು ವಿಭಾಗದಲ್ಲಿದ್ದ ಎಳೆಯ ಡಾಕ್ಟರು ಜಾಣ. ಎರಡು ನಿಮಿಷದಲ್ಲೇ ಅಮ್ಮನ ಮೇಲೆ ಬಗ್ಗಿ, “ಉಣ್ಣಿ ಏದಾವದು ಕಡಿಚ್ಚುದಾ ಅಮ್ಮಾ?” ಎಂದು ಕೇಳಿದರು.

ಅಮ್ಮ ಇಲ್ಲವೆಂದು ತಲೆಯಾಡಿಸಿದಳು. ನಾನೂ ಇಲ್ಲವೆಂದೆ.

ಅವಳು ಹೇಳಿದ್ದು ಸುಳ್ಳಲ್ಲ. ಉಣ್ಣಿ ಎಂದರೆ ಏನೆಂದು ಅವಳಿಗೆ ಹದಿನೈದು ದಿನದ ಹಿಂದೆಯಷ್ಟೇ ಪಕ್ಕದ ಅಕ್ಕ ಗೆರಟೆಯಲ್ಲಿ ತೋರಿಸಿಕೊಟ್ಟಿದ್ದಳು. ಬೂದು ಬಣ್ಣದ್ದು, ಕಣ್ಣಿಗೆ ಕಾಣುವಂಥದ್ದು, ಕಿತ್ತರೆ ಕೈಗೆ ಬರುವಂಥದ್ದು. ಅಂಥದ್ದು ತನಗೆ ಕಚ್ಚಿರಲಿಲ್ಲ.

ನಮ್ಮ ಪುಣ್ಯಕ್ಕೆ ಅಲ್ಲಿ ಕೇರಳದ ಕಡೆಯ ಒಬ್ಬ ನರ್ಸ್ ಇದ್ದಳು. ಅಮ್ಮನ ಬಟ್ಟೆ ಬದಲಿಸುವಾಗ ನಮ್ಮ ಮಾತು ಕಿವಿಗೆ ಬಿದ್ದು, ನಾವು ಕಾಸರಗೋಡಿನವರೆಂದು ತಿಳಿದು, ನನ್ನ ಹೆಂಡತಿಯನ್ನು ಪರದೆಯ ಆಚೆಗೆ ಕರೆದು ಕೇಳಿದಳಂತೆ: “ಅಮ್ಮಯುಡೆ ಮೇತ್ತ್ ಎವಿಡೆಯೆಂಗಿಲುಂ ಕರುತ್ತ ಪಾಡುಂಡೋ ಚೇಚೀ?” ಮೈಮೇಲೆ ಎಲ್ಲಾದರೂ ಕಪ್ಪು ಗುರುತು ಇದೆಯೇ ಎಂದು. ಆಗ ಹೆಂಡತಿ ಅಳಲು ಸುರುಮಾಡಿದಳು. ಇತ್ತು. ಸೊಂಟದ ಎಡಭಾಗದಲ್ಲಿ, ಒಳಲಂಗದ ಲಾಡಿ ಕಟ್ಟುವ ಕಡೆ, ಬೀಡಿಯಿಂದ ಸುಟ್ಟ ಹಾಗೆ ಒಂದು ಸಣ್ಣ ಕಪ್ಪು ಹಕ್ಕಳೆ, ಸುತ್ತ ಕೆಂಪು. ಮೂರು ದಿನದ ಹಿಂದೆ ಮೈ ಒರೆಸುವಾಗ ಇವಳು ನೋಡಿದ್ದಳು. “ಲಾಡಿ ಉಜ್ಜಿದ್ದು ಅದು, ನೋವೇ ಇಲ್ಲ” ಎಂದಿದ್ದಳು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, “ಅವನಿಗೆ ಹೇಳ್ಬೇಡ” ಎಂದೂ ಹೇಳಿದ್ದಳು.

ಡಾಕ್ಟರು ಬಂದು ನೋಡಿದರು. ಒಂದೇ ನೋಟ. ‘ಉಣ್ಣಿಕ್ಕಾಯ್ಚ್ಚಲ್’ ಎಂದರು. ನರ್ಸ್ ನಮಗೆ ತಿಳಿಯಲೆಂದು ‘ಚೆಳ್ಳುಪನಿ’ ಎಂದಳು. ಚೀಟಿಯಲ್ಲಿ ಬರೆದದ್ದು ಸ್ಕ್ರಬ್ ಟೈಫಸ್. ಪರೀಕ್ಷೆಗೆ ರಕ್ತ ಕಳಿಸಿದರು, ಆದರೆ ಫಲಿತಾಂಶಕ್ಕೆ ಕಾಯದೆ ಆ ರಾತ್ರಿಯೇ ಡಾಕ್ಸಿಸೈಕ್ಲಿನ್ ಸುರುಮಾಡಿ, ಆಮ್ಲಜನಕ ಕೊಟ್ಟು, ಐ.ಸಿ.ಯು.ಗೆ ಒಯ್ದರು. ಮರುದಿನ ರಾತ್ರಿ ಜ್ವರ ಇಳಿಯತೊಡಗಿತು. ಮೂರನೆಯ ದಿನ ಅಮ್ಮ ಗಂಜಿ ಕೇಳಿದಳು. ಅಂಕಿ ಬರೆದು ಹೊಟ್ಟೆ ಹೊರೆಯುವವನು ನಾನು, ಇದೊಂದನ್ನು ಬರೆಯದೆ ಇರಲಾರೆ: ಆ ಬಿಲ್ಲಿನಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯ ಸಾಲು ಅವಳನ್ನು ಬದುಕಿಸಿದ ಆ ಔಷಧದ್ದೇ.

ಐ.ಸಿ.ಯು.ವಿನ ಹೊರಗೆ ಬೆಂಚಿನಲ್ಲಿ ಕೂತು ಹೆಂಡತಿ ಉಳಿದದ್ದನ್ನು ಹೇಳಿದಳು. ಅಮ್ಮ ಹೆದರಿದ್ದು ಲಾಡಿಯ ಗಾಯಕ್ಕಲ್ಲ. ದೊಡ್ಡಮಾವನಿಗೆ ಬಂದದ್ದೇ ತನಗೂ ಬಂದಿದೆ ಎಂದು ಮೊದಲ ದಿನದಿಂದಲೇ ಅವಳಿಗೆ ಖಾತ್ರಿಯಾಗಿತ್ತು.

ದೊಡ್ಡಮಾವ, ಅಮ್ಮನ ಅಣ್ಣ, ಬೆಳ್ತಂಗಡಿಯ ನಿಡ್ಲೆ ಕಡೆ ಹೆಂಡತಿಯ ಮನೆಯ ತೋಟ ನೋಡಿಕೊಂಡಿದ್ದವರು. 1983ರಲ್ಲಿ ತೀರಿಕೊಂಡಾಗ ನಾನು ಮೂರು ವರ್ಷದ ಮಗು. ಮನೆಯಲ್ಲಿ ಅವರ ಫೋಟೋ ಇತ್ತು, ಮಾತು ಇರಲಿಲ್ಲ. 1982ರ ಕೊನೆಯಿಂದ ಆ ಸೀಮೆಯಲ್ಲಿ ಮಂಗನ ಕಾಯಿಲೆ ಎದ್ದಿತ್ತು. ಅಲ್ಲಿಯವರೆಗೆ ಅದು ಶಿವಮೊಗ್ಗದ ಕಡೆಯ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು, ಮುಸಿಯಗಳು ಸಾಲಾಗಿ ಸತ್ತು, ಹಿಂದೆಯೇ ಮನುಷ್ಯರಿಗೂ ಜ್ವರ ಬಂದಾಗ ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಹುಡುಕಿ ತೆಗೆದು, ಆ ಕಾಡಿನ ಹೆಸರನ್ನೇ ಇಟ್ಟದ್ದು. ನಿಡ್ಲೆಯ ಬಳಿ ಗೇರು ತೋಟಕ್ಕೆಂದು ಕಾಡು ಕಡಿದ ಮೇಲೆ ಅದು ಅಲ್ಲಿ ಕಾಣಿಸಿತು. ಮಾವ ತೋಟದ ಸೊಪ್ಪಿಗೆ, ತರಗೆಲೆಗೆ ಕಾಡಿಗೆ ಹೋಗುತ್ತಿದ್ದವರು. ಹತ್ತು ದಿನದ ಜ್ವರ, ಒಸಡಿನಲ್ಲಿ ರಕ್ತ, ಮುಗಿಯಿತು. ತಂಗಿಯಾದ ಅಮ್ಮ ಹೋಗಿ ನೋಡಲಿಲ್ಲ. ಅಂಟುತ್ತದೆ, ಮಗು ಇರುವವಳು ಹೋಗಬಾರದು ಎಂದು ಮನೆಯವರು ತಡೆದರು. ಆ ಮಗು ನಾನು.

ಅಂಟುವುದಿಲ್ಲ ಎಂಬುದು ನನಗೆ ತಿಳಿದದ್ದು ಈಚೆಗೆ. ಉಣುಗಿನಿಂದ ಮಂಗನಿಗೆ, ಉಣುಗಿನಿಂದ ಮನುಷ್ಯನಿಗೆ ಬರುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಹಾದುಹೋಗುವುದಿಲ್ಲ. ಮಂಗ ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿದ್ದ ಉಣುಗುಗಳು ಇಳಿದು ಸುತ್ತಲ ನೆಲಕ್ಕೆ ಹರಡುತ್ತವೆ. ಆದ್ದರಿಂದಲೇ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ ಎನ್ನುವುದು. ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ ತನಕ. ಆಗ ಕಚ್ಚುವುದು ಹೆಚ್ಚಾಗಿ ಎಳೆಯ ಉಣುಗು, ಎಳ್ಳಿನಷ್ಟೂ ಇರುವುದಿಲ್ಲ. ಹಿಡಿದವರಲ್ಲಿ ಬಹುಮಂದಿ ಬದುಕುತ್ತಾರೆ, ನೂರರಲ್ಲಿ ಮೂರರಿಂದ ಐದು ಜನ ಹೋಗುತ್ತಾರೆ. ವೈರಾಣುವನ್ನೇ ಕೊಲ್ಲುವ ಮದ್ದು ಇಂದಿಗೂ ಇಲ್ಲ. ಆಸ್ಪತ್ರೆಯಲ್ಲಿ ನೀರು, ರಕ್ತದೊತ್ತಡ, ರಕ್ತಸ್ರಾವ ನೋಡಿಕೊಂಡು ದಾಟಿಸಬೇಕು. ದಶಕಗಳಿಂದ ಕೊಡುತ್ತಿದ್ದ ಲಸಿಕೆಯ ಬಲ ಸಾಲದೆಂದು 2022ರಲ್ಲಿ ನಿಲ್ಲಿಸಿದರು, ಹೊಸದರ ಕೆಲಸ ನಡೆಯುತ್ತಿದೆ. ನಮ್ಮಿಂದ ಇದು ದೂರದ ಕಾಯಿಲೆಯೂ ಅಲ್ಲ. 2012ರಲ್ಲಿ ಬಂಡೀಪುರದ ಕಾಡಿನ ಕೆಲಸದವರಿಗೆ, ಆ ಬಳಿಕ ವಯನಾಡಿಗೆ ಬಂತು. 2015ರಲ್ಲಿ ವಯನಾಡಿನಲ್ಲಿ ನೂರರ ಮೇಲೆ ಜನಕ್ಕೆ ತಗಲಿತು. ನಮ್ಮ ಮಲೆಯಾಳಿ ಓದುಗರಿಗೆ ಗೊತ್ತಿರುವ ಕುರಂಗುಪನಿ ಇದೇ.

ಅಮ್ಮನಿಗೆ ಬಂದದ್ದು ಇದಲ್ಲ. ಸಂಬಂಧವೂ ಇಲ್ಲ. ಸ್ಕ್ರಬ್ ಟೈಫಸ್ ತರುವುದು ಉಣುಗೇ ಅಲ್ಲ, ಅದರ ದೂರದ ನಂಟ: ಒಂದು ಬಗೆಯ ನುಸಿಯ ಮರಿ. ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ದೊಡ್ಡದಾದ ಮೇಲೆ ಅದು ಮಣ್ಣಿನಲ್ಲಿ ತನ್ನಷ್ಟಕ್ಕೆ ಇರುತ್ತದೆ, ಯಾರನ್ನೂ ಕಚ್ಚುವುದಿಲ್ಲ. ಮರಿಯಾಗಿದ್ದಾಗ ಮಾತ್ರ ಹುಲ್ಲಿನ ತುದಿಯಲ್ಲಿ ಕಾದಿದ್ದು ಇಲಿಗೋ ಹೆಗ್ಗಣಕ್ಕೋ ಹತ್ತುತ್ತದೆ. ಇಲಿಯ ಬದಲು ಅಮ್ಮ ಸಿಕ್ಕಿದರೆ ಅಮ್ಮನಿಗೆ. ಮೈಮೇಲೆ ಹರಿದು, ಬಟ್ಟೆ ಬಿಗಿಯಾಗಿರುವ ಮೆತ್ತನೆಯ ಕಡೆ ಕಚ್ಚಿ, ಎರಡು ಮೂರು ದಿನದಲ್ಲಿ ಉದುರಿ ಹೋಗುತ್ತದೆ. ನೋವಿಲ್ಲ. ರೋಗಾಣುವನ್ನು ತಾಯಿ ನುಸಿ ಮೊಟ್ಟೆಯ ಮೂಲಕವೇ ಮಕ್ಕಳಿಗೆ ದಾಟಿಸುತ್ತದೆ, ಪಿತ್ರಾರ್ಜಿತ ಆಸ್ತಿಯ ಹಾಗೆ. ಕಚ್ಚಿದ ಹತ್ತು ಹನ್ನೆರಡು ದಿನಕ್ಕೆ ಜ್ವರ. ಅಷ್ಟರಲ್ಲಿ ಹುಲ್ಲಿನ ಮೇಲೆ ಕೂತದ್ದು ಯಾರಿಗೆ ನೆನಪಿರುತ್ತದೆ? ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಕಾಡಿನಲ್ಲಿ ಸೈನಿಕರನ್ನು ಕಾಡಿದ ಜ್ವರಗಳಲ್ಲಿ ಇದೂ ಒಂದು. ಕಾಂಗೇಯದ ಹೆಂಗಸರಿಗೆ ಇದರ ಪರಿಚಯ ಮಾಡಿಕೊಡಲು ಯುದ್ಧವೇನೂ ಬೇಕಾಗಲಿಲ್ಲ, ಒಂದು ಬೇಲಿಯ ನೆರಳು ಸಾಕಾಯಿತು.

ಮುಖ್ಯ ವ್ಯತ್ಯಾಸ ಮುಂದಿನದು. ಇದಕ್ಕೆ ಮದ್ದು ಇದೆ. ಡಾಕ್ಸಿಸೈಕ್ಲಿನ್, ಗರ್ಭಿಣಿಯರಿಗಾದರೆ ಅಜಿತ್ರೊಮೈಸಿನ್. ಬೇಗ ಕೊಟ್ಟರೆ ಎರಡು ಮೂರು ದಿನದಲ್ಲಿ ಜ್ವರ ಬಿಡುತ್ತದೆ. ಹಾಗೆ ಬಿಟ್ಟದ್ದೇ ಕಾಯಿಲೆಯ ಗುರುತು ಎನ್ನುವ ವೈದ್ಯರೂ ಇದ್ದಾರೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳು ಎಲ್ಲದಕ್ಕೂ ಕೈಹಾಕುತ್ತದೆ. ಟೈಫಾಯಿಡ್ ಎಂದು ಚುಚ್ಚುವ ಇಂಜೆಕ್ಷನ್ ಇದಕ್ಕೆ ನಾಟುವುದಿಲ್ಲ. ವಿಷಮಿಸಿದ ರೋಗಿಗಳಿಗೆ ಆ ಎರಡು ಮದ್ದನ್ನೂ ಜತೆಯಾಗಿ ರಕ್ತನಾಳಕ್ಕೆ ಕೊಟ್ಟರೆ ಒಂದನ್ನೇ ಕೊಡುವುದಕ್ಕಿಂತ ಮೇಲು ಎಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಮುಂದಾಗಿ ನಡೆಸಿದ, 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂಥ ಸ್ಥಿತಿಗೆ ಹೋಗದಿರುವುದೇ ಮೇಲು, ಅದು ಬೇರೆ ಮಾತು. ಉಣುಗಿನಿಂದಲೇ ಬರುವ ಒಂದು ಟೈಫಸ್ ಕೂಡ ನಮ್ಮ ದೇಶದಲ್ಲಿ ಉಂಟು, ಮೈಯೆಲ್ಲ ದದ್ದು ಏಳುತ್ತದೆ. ಅದಕ್ಕೂ ಮದ್ದು ಡಾಕ್ಸಿಸೈಕ್ಲಿನ್ನೇ.

ಈಗ ಶಬ್ದದ ಗೋಜಲನ್ನು ನೋಡಿ. ತಮಿಳರು ಉಣ್ಣಿಕ್ಕಾಯ್ಚ್ಚಲ್ ಎನ್ನುವುದು ನುಸಿಯ ಜ್ವರಕ್ಕೆ. ಅದನ್ನು ನಮ್ಮವರು ಅಕ್ಷರಕ್ಕೆ ಅಕ್ಷರ ಇಟ್ಟು ‘ಉಣುಗಿನ ಜ್ವರ’ ಎಂದರೆ ನಮ್ಮ ತಲೆಗೆ ಹೊಳೆಯುವುದು ಮಂಗನ ಕಾಯಿಲೆ, ಮದ್ದಿಲ್ಲದ್ದು. ಮಲೆಯಾಳದ ಚೆಳ್ಳು ಎಂಬುದಂತೂ ಚಿಗಟಕ್ಕೂ ಆಗುತ್ತದೆ, ನುಸಿಗೂ ಆಗುತ್ತದೆ. ಉಣ್ಣಿ ಕಚ್ಚಿತೇ ಎಂಬ ಪ್ರಶ್ನೆಗೆ ಅಮ್ಮ ಸತ್ಯವನ್ನೇ ಹೇಳಿ ಸಾಯುವ ಅಂಚಿಗೆ ಹೋದಳು. ಕಪ್ಪು ಗುರುತು ಇದೆಯೇ, ಹುಲ್ಲಿನ ಮೇಲೆ, ಪೊದೆಯ ಹತ್ತಿರ ಕೂತಿದ್ದಿರಾ ಎಂದು ಕೇಳಬೇಕಿತ್ತು. ಕೇಳದಿದ್ದರೆ ನಾವೇ ಹೇಳಬೇಕಿತ್ತು. ಆ ಹಕ್ಕಳೆ ಬೀಳುವುದೂ ಎಂಥ ಕಡೆ: ಕಂಕುಳು, ತೊಡೆಯ ಸಂದು, ಸ್ತನದ ಕೆಳಗೆ, ಸೊಂಟ, ಕಿವಿಯ ಹಿಂದೆ. ಎಲ್ಲರಿಗೂ ಬೀಳುವುದೂ ಇಲ್ಲ. ಎಪ್ಪತ್ತು ದಾಟಿದ ತಾಯಿಯ ಮೈಯನ್ನು ಮಗ ನೋಡುವಂತಿಲ್ಲ, ಎಳೆಯ ಡಾಕ್ಟರಿಗೆ ತೋರಿಸಲು ಅವಳಿಗೆ ನಾಚಿಕೆ, ಸೊಸೆ ನೋಡಿದರೂ ಬಾಯಿ ಬಿಡುವಂತಿಲ್ಲ. ನಮ್ಮ ಮನೆಗಳ ಮರ್ಯಾದೆಯ ಬಗ್ಗೆ ನನಗೆ ಗೌರವವಿದೆ, ಆದರೆ ಆ ವಾರ ಅದು ನಮಗೆ ಭಾರೀ ದುಬಾರಿಯಾಯಿತು.

ಆಸ್ಪತ್ರೆಯಿಂದ ಬಿಡುವ ದಿನ ಅಮ್ಮ, ಡಾಕ್ಟರರಲ್ಲಿ ಒಂದು ಮಾತು ಕೇಳು ಎಂದಳು. ಈ ಮಾತ್ರೆ 1983ರಲ್ಲಿ ಇತ್ತೋ? ಕೊಟ್ಟಿದ್ದರೆ ಅಣ್ಣ ಉಳಿಯುತ್ತಿದ್ದನೋ?

ನಾನು ತಮಿಳಿನಲ್ಲಿ ಕೇಳಿದೆ. ಡಾಕ್ಟರಿಗೆ ಆಗ ಹುಟ್ಟೇ ಇಲ್ಲದ ವರ್ಷ. ಎಲ್ಲ ಕೇಳಿಕೊಂಡು ಅವರು ನಿಧಾನವಾಗಿ ಹೇಳಿದರು: ಮಾತ್ರೆ ಆಗಲೂ ಇತ್ತು, ಆದರೆ ಆ ಕಾಯಿಲೆಗೆ ಅದು ನಾಟುವುದಿಲ್ಲ. ಅದು ವೈರಾಣು, ಇದು ಬೇರೆ. ಕೊಟ್ಟಿದ್ದರೂ ಅಷ್ಟೇ. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ತುಂಬ ಹೊತ್ತು ಹಾಸಿಗೆಯ ಮೇಲಿನ ತನ್ನ ಕೈಯನ್ನೇ ನೋಡುತ್ತಿದ್ದಳು.

“ಮತ್ತೆ ನಾನು ಹೋಗಿದ್ದರೆ ನಿಂಗೆ ಅಂಟ್ತಿತ್ತೋ?”

“ಇಲ್ಲ. ಅದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.”

“ಹೋಗ್ಬಹುದಿತ್ತು ಹಾಗಾದ್ರೆ” ಎಂದಳು.

ಇದನ್ನು ನಾನು ತಮಿಳಿಗೆ ತಿರುಗಿಸಲಿಲ್ಲ. ಡಾಕ್ಟರು ಕೇಳಲೂ ಇಲ್ಲ. ಅಮ್ಮ ಅತ್ತಳೋ ಎಂದರೆ ಇಲ್ಲ. ಕಾರಿನಲ್ಲಿ ಪಲ್ಲಡಂ ದಾಟುವವರೆಗೆ ದೊಡ್ಡಮಾವನ ಕಥೆ ಹೇಳಿದಳು. ಅವರು ಚೆಂಡೆ ಬಾರಿಸುತ್ತಿದ್ದರಂತೆ. ನನ್ನ ವಯಸ್ಸು ನಲವತ್ತಕ್ಕೆ ಹತ್ತಿರವಾದ ಮೇಲೆ ನನಗೆ ಅದು ಗೊತ್ತಾಯಿತು.

ಆಮೇಲೆ ನಮ್ಮ ಮನೆಯಲ್ಲಿ ಕೆಲವು ಪದ್ಧತಿಗಳು ಬಂದವು. ಹುಲ್ಲಿನ ಮೇಲೆ ಕೂರುವುದಾದರೆ ಚಾಪೆ. ಒಗೆದ ಬಟ್ಟೆಯನ್ನು ಬೇಲಿಗೆ ಹರವುವುದಿಲ್ಲ, ಹಗ್ಗಕ್ಕೆ. ತೋಟಕ್ಕೆ, ಗುಡ್ಡೆಗೆ ಹೋಗುವಾಗ ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಕಾಲಿಗೆ ಕೀಟ ಹತ್ತದ ಮುಲಾಮು. ಅರಳಗೋಡಿನಲ್ಲಿ ಹಂಚಿದ ಎಣ್ಣೆ ಆ ಜಾತಿಯದೇ. ಬಂದೊಡನೆ ಸಾಬೂನು ಹಾಕಿ ಉಜ್ಜಿ ಸ್ನಾನ, ಬಟ್ಟೆ ಬಿಸಿನೀರಿಗೆ. ಮನೆಯ ಹಿಂದಿನ ಪೊದೆ ಕಡಿಸಿದೆವು. ಪೊದೆ ಇದ್ದರೆ ಇಲಿ, ಇಲಿ ಇದ್ದರೆ ನುಸಿ. ಉಣುಗು ಕಚ್ಚಿ ಹಿಡಿದರೆ ನಮ್ಮ ಬಾಲ್ಯದ ಚಿಕಿತ್ಸೆಗಳು ಯಾವುವೂ ಬೇಡ. ಸುಣ್ಣ, ಸೀಮೆಎಣ್ಣೆ, ಬೀಡಿಯ ಕೆಂಡ ಎಲ್ಲ ಮಾಡಿದವರೇ ನಾವು. ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು, ತಿರುಚದೆ, ನೆಟ್ಟಗೆ ಮೇಲೆತ್ತಬೇಕು. ಉಗುರಿನಲ್ಲಿ ಒಡೆಯಬಾರದು. ಆ ಜಾಗವನ್ನೂ ಕೈಯನ್ನೂ ತೊಳೆದು, ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಗುರುತು. ಮೂರು ವಾರದೊಳಗೆ ಜ್ವರ ಬಂದರೆ ಕ್ಯಾಲೆಂಡರನ್ನು ಡಾಕ್ಟರಿಗೆ ತೋರಿಸುವುದು. ಮಗಳಿಗೆ ಇದೆಲ್ಲ ಅತಿ ಎನಿಸುತ್ತದೆ. ನನ್ನ ಗುಮಾಸ್ತಿಕೆಯ ಬುದ್ಧಿ ಮನೆಗೂ ಬಂತು ಎನ್ನುತ್ತಾಳೆ.

2025ರ ಜನವರಿಯಲ್ಲಿ ತಮಿಳುನಾಡು ಸರಕಾರದ ಸಾರ್ವಜನಿಕ ಆರೋಗ್ಯ ಇಲಾಖೆ ಈ ಜ್ವರ ಹೆಚ್ಚುತ್ತಿದೆಯೆಂದು ಎಚ್ಚರಿಕೆ ಹೊರಡಿಸಿದಾಗ, ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಬ್ಯಾಂಕಿನ ನೋಟೀಸು ಹಲಗೆಯಲ್ಲಿ ಅಂಟಿಸಿದೆ. ಪಕ್ಕದ ಅಕ್ಕ ಪೆನ್ಷನ್ನಿಗೆ ಬಂದವಳು ಅದರ ಮುಂದೆ ನಿಂತು, ಓದು ಬಾರದಿದ್ದರೂ ಚಿತ್ರ ನೋಡಿ, “ಉಂಗಮ್ಮಾ ನಲ್ಲಾ ಇರುಕ್ಕಾಂಗಳಾ?” ಎಂದು ಕೇಳಿದಳು.

ಚೆನ್ನಾಗಿದ್ದಾಳೆ. ಊರಿನಲ್ಲಿದ್ದಾಳೆ. ಬದಿಯಡ್ಕ ಪೇಟೆಯಿಂದ ಅಣ್ಣನ ಕೈಯಲ್ಲಿ ಒಂದು ಉಕ್ಕಿನ ಚಿಮಟ ತರಿಸಿ ದೇವರ ಕೋಣೆಯ ಗೂಡಿನಲ್ಲಿ, ಕರ್ಪೂರದ ಡಬ್ಬಿಯ ಪಕ್ಕ ಇಟ್ಟುಕೊಂಡಿದ್ದಾಳೆ. ತೋಟದ ಕೆಲಸಕ್ಕೆ ಬರುವ ಹೆಂಗಸರಿಗೆ ಜ್ವರ ಎಂದು ಕೇಳಿದರೆ ಸಾಕು, ಅವರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡು, “ಲಾಡಿ ಸ್ವಲ್ಪ ಸಡಿಲ ಮಾಡು, ನೋಡ್ತೇನೆ” ಎನ್ನುತ್ತಾಳಂತೆ. ಹೋದ ಡಿಸೆಂಬರಿನಲ್ಲಿ ಒಬ್ಬಳ ಸೊಂಟದಲ್ಲಿ ಕಪ್ಪು ಕಂಡಿತೆಂದು ರಿಕ್ಷಾ ಮಾಡಿಸಿ ಆಸ್ಪತ್ರೆಗೆ ಕಳಿಸಿದಳು. ಅದು ನಿಜಕ್ಕೂ ಲಾಡಿ ಉಜ್ಜಿದ್ದೇ ಆಗಿತ್ತು. ರಿಕ್ಷಾದ ಬಾಡಿಗೆಯನ್ನು ಅಣ್ಣ ಕೊಟ್ಟ.